ಜೇಮ್ಸ್ ಮ್ಯಾಡಿಸನ್: ಬಣಗಳ ನಡುವೆ ಒಂದು ಬದುಕು

ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಥಾಪಕರಲ್ಲಿ ಜಾರ್ಜ್ ವಾಷಿಂಗ್ಟನ್ ಮತ್ತು ಥಾಮಸ್ ಜೆಫರ್ಸನ್ ಅವರ ಹೆಸರುಗಳು ಕನ್ನಡ ಓದುಗರಿಗೆ ಶಾಲೆಯ ಪಾಠಗಳಿಂದಲೇ ಪರಿಚಿತವಾದವು. ಅವರ ಸಾಲಿನಲ್ಲಿಯೇ ನಿಲ್ಲತಕ್ಕ ಜೇಮ್ಸ್ ಮ್ಯಾಡಿಸನ್ನನ ಹೆಸರು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳ ವಲಯವನ್ನು ದಾಟಿ ಬಂದದ್ದು ಕಡಿಮೆ. ಆತ ಸೇನಾನಿಯಲ್ಲ, ವಾಗ್ಮಿಯೂ ಅಲ್ಲ. ಐದಡಿ ನಾಲ್ಕು ಅಂಗುಲದ ಎತ್ತರ, ಕೃಶವಾದ ದೇಹ, ಸಭೆಯ ಹಿಂದಿನ ಸಾಲಿಗೆ ಮುಟ್ಟದಷ್ಟು ಮೆಲುದನಿ. ಆದರೆ ಜನರ ಆಳ್ವಿಕೆಯನ್ನು ಒಳಗಿನಿಂದಲೇ ಕೊರೆಯುವ ಬಣ ರಾಜಕಾರಣವನ್ನು ಕುರಿತು ಅವನಷ್ಟು ನಿಷ್ಠುರವಾಗಿ ಯೋಚಿಸಿದವರು ಆ ತಲೆಮಾರಿನಲ್ಲಿ ವಿರಳ. ಬಣವನ್ನು ಇಲ್ಲವಾಗಿಸುವುದು ಸಾಧ್ಯವಿಲ್ಲ, ಅದರ ಹಾನಿಯನ್ನು ತಗ್ಗಿಸುವುದು ಮಾತ್ರ ಸಾಧ್ಯ ಎಂಬ ತಿಳಿವಿನ ಮೇಲೆ ಆತ ಒಂದು ಸರ್ಕಾರದ ಚೌಕಟ್ಟನ್ನು ಕಲ್ಪಿಸಿದ. ಹಾಗೆ ಕಲ್ಪಿಸಿದ ಐದು ವರ್ಷಗಳೊಳಗೆ ತಾನೇ ಒಂದು ಪಕ್ಷವನ್ನು ಕಟ್ಟಿದ. ದೇಶದ ಅತ್ಯಂತ ಬಲಿಷ್ಠ ಬಣ ಯಾವುದೆಂದು ಗುರುತಿಸಿಯೂ ಆ ಬಣದೊಳಗೇ ಹುಟ್ಟಿ, ಆ ಬಣದೊಳಗೇ ಸತ್ತ. ಮ್ಯಾಡಿಸನ್ನನ ವಿಚಾರವನ್ನು ಅವನ ಬದುಕಿನಿಂದ ಬೇರ್ಪಡಿಸಿ ಓದುವವರಿಗೆ ಈ ತೊಡಕು ಕಾಣುವುದಿಲ್ಲ.

ಆತ ಹುಟ್ಟಿದ್ದು 1751ರ ಮಾರ್ಚ್ 16ರಂದು, ಬ್ರಿಟಿಷ್ ವಸಾಹತಾಗಿದ್ದ ವರ್ಜೀನಿಯಾದ ಪೋರ್ಟ್ ಕಾನ್ವೆ ಎಂಬಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಆರೆಂಜ್ ಕೌಂಟಿಯ ತಂದೆಯ ಜಮೀನಿನಲ್ಲಿ. ಮುಂದೆ ಮಾಂಟ್‌ಪೀಲಿಯರ್ ಎಂದು ಹೆಸರಾದ ಆ ಎಸ್ಟೇಟಿನಲ್ಲಿ ತಂಬಾಕು ಬೆಳೆಯುತ್ತಿತ್ತು. ಬೆಳೆಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. ಹನ್ನೆರಡು ಮಕ್ಕಳಲ್ಲಿ ಹಿರಿಯನಾದ ಜೇಮ್ಸ್ ಆ ಸೀಮೆಯ ಅತಿ ದೊಡ್ಡ ಜಮೀನ್ದಾರನ ವಾರಸುದಾರ. ವರ್ಜೀನಿಯಾದ ಸಿರಿವಂತರ ಮಕ್ಕಳು ಸಾಮಾನ್ಯವಾಗಿ ವಿಲಿಯಮ್ಸ್‌ಬರ್ಗಿನ ಕಾಲೇಜಿಗೆ ಹೋಗುತ್ತಿದ್ದರು. ಈತ 1769ರಲ್ಲಿ ದೂರದ ಪ್ರಿನ್ಸ್‌ಟನ್ನಿಗೆ ಹೋದ. ಅಲ್ಲಿ ಸ್ಕಾಟ್ಲೆಂಡಿನಿಂದ ಬಂದಿದ್ದ ಪಾದ್ರಿ ಜಾನ್ ವಿದರ್‌ಸ್ಪೂನ್ ಕಾಲೇಜಿನ ಅಧ್ಯಕ್ಷನಾಗಿದ್ದ. ಲ್ಯಾಟಿನ್, ಗ್ರೀಕ್, ಇತಿಹಾಸ, ಸ್ಕಾಟಿಷ್ ದಾರ್ಶನಿಕರ ಹೊಸ ಗ್ರಂಥಗಳು ಇವನ್ನೆಲ್ಲ ಮ್ಯಾಡಿಸನ್ ಎರಡೇ ವರ್ಷಗಳಲ್ಲಿ ಅರಗಿಸಿಕೊಂಡು 1771ರಲ್ಲಿ ಪದವಿ ಪಡೆದ. ಹೀಬ್ರೂ ಕಲಿಯಲೆಂದು ಇನ್ನೂ ಕೆಲವು ತಿಂಗಳು ಅಲ್ಲಿಯೇ ಉಳಿದ. ಊರಿಗೆ ಮರಳಿದಾಗ ಆರೋಗ್ಯ ಕೆಟ್ಟಿತ್ತು; ಆಗಾಗ ಮೂರ್ಛೆಯಂತಹ ಕಾಯಿಲೆ ಬರುತ್ತಿತ್ತು. ತಾನು ಹೆಚ್ಚು ಕಾಲ ಬದುಕಲಾರೆನೆಂದು ಆ ತರುಣ ನಂಬಿದ್ದ. ಬದುಕಿದ್ದು ಎಂಬತ್ತೈದು ವರ್ಷ.

ಸಾರ್ವಜನಿಕ ಬದುಕಿಗೆ ಅವನನ್ನು ಎಳೆದು ತಂದದ್ದು ನೆರೆಯ ಕಲ್ಪೆಪರ್ ಕೌಂಟಿಯ ಸೆರೆಮನೆ. ವರ್ಜೀನಿಯಾದಲ್ಲಿ ಆಂಗ್ಲಿಕನ್ ಚರ್ಚು ರಾಜಮಾನ್ಯ ಚರ್ಚಾಗಿತ್ತು. ಅದರ ನಿರ್ವಹಣೆಗೆ ಎಲ್ಲರೂ ತೆರಿಗೆ ಕೊಡಬೇಕಾಗಿತ್ತು. ಅನುಮತಿಯಿಲ್ಲದೆ ಬೋಧಿಸುತ್ತಿದ್ದ ಬ್ಯಾಪ್ಟಿಸ್ಟ್ ಬೋಧಕರನ್ನು ಹಿಡಿದು ಸೆರೆಗೆ ಹಾಕುತ್ತಿದ್ದರು. 1774ರ ಸುಮಾರಿಗೆ ಇದನ್ನು ಕಂಡು ಮ್ಯಾಡಿಸನ್ ತೀವ್ರವಾಗಿ ಕೆರಳಿದ. ಆತ ಆಂಗ್ಲಿಕನ್ ಮನೆತನದವನೇ. ಹಿಂಸೆಗೊಳಗಾದವರ ಮತ ಅವನದಲ್ಲ. ಬಹುಸಂಖ್ಯಾತರ ನಂಬಿಕೆಯೊಂದಕ್ಕೆ ಕಾನೂನಿನ ದಂಡ ಸಿಕ್ಕಿದರೆ ಏನಾಗುತ್ತದೆ ಎಂಬುದರ ಮೊದಲ ಪಾಠ ಅದು. 1776ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆಯ ಕರಡನ್ನು ಜಾರ್ಜ್ ಮೇಸನ್ ಸಿದ್ಧಪಡಿಸಿದಾಗ ಅದರಲ್ಲಿ ಧರ್ಮದ ವಿಷಯದಲ್ಲಿ ಸಹನೆ ಎಂಬ ಪದವಿತ್ತು. ಇಪ್ಪತ್ತೈದರ ಮ್ಯಾಡಿಸನ್ ಅದನ್ನು ಒಪ್ಪಲಿಲ್ಲ. ಸಹನೆ ಮೇಲಿರುವವನು ಕೆಳಗಿರುವವನಿಗೆ ಕೊಡುವ ಭಿಕ್ಷೆ, ಕೊಟ್ಟವನು ಹಿಂತೆಗೆದುಕೊಳ್ಳಬಹುದು. ಅವನ ಒತ್ತಾಯದಿಂದ ಆ ಜಾಗದಲ್ಲಿ ಧರ್ಮಾಚರಣೆಯ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾದ ಹಕ್ಕು ಎಂಬ ಅರ್ಥದ ಮಾತು ಬಂತು. ಒಂದು ಪದದ ಬದಲಾವಣೆ. ಅವನ ಜೀವನದ ಮೊದಲ ರಾಜಕೀಯ ಗೆಲುವು.

ಮರುವರ್ಷವೇ ಸೋಲು. 1777ರ ಚುನಾವಣೆಯಲ್ಲಿ ಆರೆಂಜ್ ಕೌಂಟಿಯಿಂದ ಶಾಸನಸಭೆಗೆ ನಿಂತಾಗ, ಮತದಾನದ ದಿನ ಮತದಾರರಿಗೆ ಮದ್ಯ ಕುಡಿಸುವ ವರ್ಜೀನಿಯಾದ ರೂಢಿಯನ್ನು ಆತ ಪಾಲಿಸಲಿಲ್ಲ. ಅದು ಗಣರಾಜ್ಯದ ಶೀಲಕ್ಕೆ ತಕ್ಕುದಲ್ಲವೆಂದು ಅವನ ನಿಲುವು. ಮತದಾರರು ಅದನ್ನು ಅಹಂಕಾರವೆಂದೋ ಜಿಪುಣತನವೆಂದೋ ತಿಳಿದರು. ಈ ಪ್ರಸಂಗಕ್ಕೆ ಭಾರತದ ಓದುಗರಿಗೆ ವ್ಯಾಖ್ಯಾನ ಬೇಕಾಗಲಾರದು. ಜನರ ಪ್ರತಿನಿಧಿಯಾಗುವುದಕ್ಕೂ ಜನರ ಹಿತವನ್ನು ತಿಳಿಯುವುದಕ್ಕೂ ನಡುವೆ ಇರುವ ಅಂತರವನ್ನು ಮ್ಯಾಡಿಸನ್ ಪುಸ್ತಕದಿಂದ ಮಾತ್ರ ಕಲಿತವನಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಆದರೂ ಅವನ ಯೋಗ್ಯತೆಯನ್ನು ಬಲ್ಲವರಿದ್ದರು. ರಾಜ್ಯಪಾಲರ ಸಲಹಾ ಮಂಡಲಿಯಲ್ಲಿ ಎರಡು ವರ್ಷ ಕೆಲಸಮಾಡಿ, 1780ರಲ್ಲಿ ಹದಿಮೂರು ರಾಜ್ಯಗಳ ಕಾಂಗ್ರೆಸ್ಸಿಗೆ ಪ್ರತಿನಿಧಿಯಾಗಿ ಫಿಲಡೆಲ್ಫಿಯಾಕ್ಕೆ ಹೋದ. ಸ್ವಾತಂತ್ರ್ಯ ಯುದ್ಧ ಇನ್ನೂ ಮುಗಿದಿರಲಿಲ್ಲ. ಸೈನಿಕರಿಗೆ ಸಂಬಳವಿಲ್ಲ, ಬೊಕ್ಕಸ ಬರಿದು. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕಟ್ಟಳೆಯ ಪ್ರಕಾರ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವೇ ಇರಲಿಲ್ಲ. ಪ್ರತಿ ರಾಜ್ಯಕ್ಕೂ ಒಂದೇ ಮತ. ಕಟ್ಟಳೆಯನ್ನು ತಿದ್ದಲು ಹದಿಮೂರೂ ರಾಜ್ಯಗಳು ಒಪ್ಪಬೇಕು. ಆಮದು ಸರಕಿನ ಮೇಲೆ ಶೇಕಡಾ 5ರಷ್ಟು ಸುಂಕ ಹಾಕುವ ಪ್ರಸ್ತಾವ ಬಂದಾಗ 1782ರಲ್ಲಿ ರೋಡ್ ಐಲೆಂಡ್ ಎಂಬ ಅತಿ ಚಿಕ್ಕ ರಾಜ್ಯ ನಿರಾಕರಿಸಿತು, ಪ್ರಸ್ತಾವ ಬಿದ್ದುಹೋಯಿತು.

ಫಿಲಡೆಲ್ಫಿಯಾ ಬಿಡುವ ಹೊತ್ತಿನ ಒಂದು ಘಟನೆಯನ್ನು ಇಲ್ಲಿಯೇ ಹೇಳಬೇಕು. ಅವನ ಸೇವೆಗೆಂದು ಊರಿನಿಂದ ಬಂದಿದ್ದ ಬಿಲಿ ಎಂಬ ಗುಲಾಮ ಆ ನಗರದ ಗಾಳಿಯಲ್ಲಿ ಬಿಡುಗಡೆಯ ಆಸೆಯನ್ನು ಬೆಳೆಸಿಕೊಂಡಿದ್ದ. 1783ರಲ್ಲಿ ಮ್ಯಾಡಿಸನ್ ತಂದೆಗೆ ಪತ್ರ ಬರೆದು, ಬಿಲಿಯನ್ನು ಊರಿಗೆ ಕರೆತಂದರೆ ಉಳಿದ ಗುಲಾಮರ ಮನಸ್ಸೂ ಕೆಡಬಹುದೆಂದು ತಿಳಿಸಿದ. ಯಾವ ಸ್ವಾತಂತ್ರ್ಯಕ್ಕಾಗಿ ತಾವೆಲ್ಲ ರಕ್ತ ಸುರಿಸಿದೆವೋ ಅದನ್ನೇ ಬಯಸಿದ ತಪ್ಪಿಗೆ ಅವನನ್ನು ಶಿಕ್ಷಿಸಲಾರೆನೆಂದೂ ಅದೇ ಪತ್ರದಲ್ಲಿ ಸೇರಿಸಿದ. ಕೊನೆಗೆ ಪೆನ್ಸಿಲ್ವೇನಿಯಾದ ಕಾನೂನಿಗೆ ಅನುಗುಣವಾಗಿ ಬಿಲಿಯನ್ನು ಕೆಲವು ವರ್ಷಗಳ ಕರಾರಿನ ಜೀತಕ್ಕೆ ಮಾರಿದ. ವಿವೇಕ, ಅನುಕಂಪ, ಸ್ವಹಿತ ಮೂರೂ ಒಂದೇ ಪತ್ರದಲ್ಲಿ ಇಷ್ಟು ಹತ್ತಿರ ಕುಳಿತಿರುವುದನ್ನು ಅವನ ಬರಹದಲ್ಲಿ ಬೇರೆಲ್ಲಿಯೂ ಕಾಣುವುದು ಕಷ್ಟ.

1784ರಿಂದ ವರ್ಜೀನಿಯಾದ ಶಾಸನಸಭೆಯಲ್ಲಿ ಅವನಿಗೆ ಎದುರಾದವನು ಪ್ಯಾಟ್ರಿಕ್ ಹೆನ್ರಿ, ಆ ಕಾಲದ ಅದ್ವಿತೀಯ ವಾಗ್ಮಿ. ಎಲ್ಲ ಕ್ರೈಸ್ತ ಪಂಗಡಗಳ ಬೋಧಕರಿಗೂ ಸಾರ್ವಜನಿಕ ತೆರಿಗೆಯಿಂದ ವೇತನ ಕೊಡುವ ಮಸೂದೆಯನ್ನು ಹೆನ್ರಿ ಬೆಂಬಲಿಸಿದ್ದ, ಬಹುಮತವೂ ಇತ್ತು. ಮ್ಯಾಡಿಸನ್ 1785ರಲ್ಲಿ ಹೆಸರು ಹಾಕದೆ ಒಂದು ಮನವಿಪತ್ರವನ್ನು ಬರೆದು ಹಂಚಿಸಿದ. ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರು ಮೊದಲಾದವರಿಂದ ಸಾವಿರಾರು ಸಹಿಗಳ ಅರ್ಜಿಗಳು ಬಂದವು. ಮಸೂದೆ ಸತ್ತಿತು. ಜೆಫರ್ಸನ್ ಹಿಂದೆಯೇ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನ 1786ರ ಜನವರಿಯಲ್ಲಿ ಅಂಗೀಕಾರವಾಯಿತು. ಈ ಗೆಲುವಿನ ಕಾರಣವನ್ನು ಮ್ಯಾಡಿಸನ್ ಮನಸ್ಸಿನಲ್ಲಿ ಹೊರಳಿಸಿ ನೋಡಿದಂತೆ ತೋರುತ್ತದೆ. ಜನ ಉದಾರಿಗಳಾದದ್ದರಿಂದ ಅದು ಬಂದದ್ದಲ್ಲ. ಪಂಗಡಗಳು ಹಲವಿದ್ದವು, ಒಂದು ಇನ್ನೊಂದನ್ನು ನಂಬುತ್ತಿರಲಿಲ್ಲ, ಒಂದಕ್ಕೂ ಒಂಟಿಯಾಗಿ ಮೇಲುಗೈ ಸಾಧಿಸುವ ಬಲವಿರಲಿಲ್ಲ. ಭಿನ್ನತೆಯೇ ಇಲ್ಲಿ ಕಾವಲಾಯಿತು. ಎರಡು ವರ್ಷಗಳ ಅನಂತರ ಬಂದ ಅವನ ಪ್ರಸಿದ್ಧ ಸಿದ್ಧಾಂತದ ಬೀಜ ಇದೇ.

ಆ ಚಳಿಗಾಲದಿಂದ ಮಾಂಟ್‌ಪೀಲಿಯರಿನ ಮೇಲಂತಸ್ತಿನ ಕೋಣೆಯಲ್ಲಿ ಆತ ಓದಲು ಕುಳಿತ. ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ ಜೆಫರ್ಸನ್ ಪೆಟ್ಟಿಗೆಗಟ್ಟಲೆ ಪುಸ್ತಕ ಕಳಿಸಿದ್ದ. ಪ್ರಾಚೀನ ಗ್ರೀಸಿನ ಒಕ್ಕೂಟಗಳಿಂದ ಹಿಡಿದು ಸ್ವಿಸ್ ಮತ್ತು ಡಚ್ ಒಕ್ಕೂಟಗಳವರೆಗೆ ಪ್ರತಿಯೊಂದೂ ಹೇಗೆ ಹುಟ್ಟಿತು, ಏಕೆ ಬಿತ್ತು ಎಂದು ಟಿಪ್ಪಣಿ ಮಾಡಿದ. 1787ರ ಏಪ್ರಿಲಿನಲ್ಲಿ ತನ್ನ ದೇಶದ ರಾಜಕೀಯ ವ್ಯವಸ್ಥೆಯ ದೋಷಗಳನ್ನು ಒಂದೊಂದಾಗಿ ಬರೆದಿಟ್ಟ. ಆಗ ಕಣ್ಣಮುಂದೆ ಇದ್ದ ಉದಾಹರಣೆಗಳು ಎರಡು. ರೋಡ್ ಐಲೆಂಡಿನಲ್ಲಿ ಸಾಲಗಾರರ ಪಕ್ಷ ಬಹುಮತ ಪಡೆದು ಕಾಗದದ ಹಣವನ್ನು ಅಚ್ಚುಹಾಕಿಸಿ, ಬೆಲೆ ಕುಸಿಯುತ್ತಿದ್ದ ಆ ಹಣವನ್ನೇ ಸಾಲ ಕೊಟ್ಟವರು ಸ್ವೀಕರಿಸಬೇಕೆಂದು ಕಾನೂನು ಮಾಡಿತ್ತು. ಮ್ಯಾಸಚೂಸೆಟ್ಸಿನಲ್ಲಿ ಡೇನಿಯಲ್ ಷೇಯ್ಸ್ ಎಂಬ ಮಾಜಿ ಸೈನ್ಯಾಧಿಕಾರಿಯ ಮುಂದಾಳುತನದಲ್ಲಿ ಸಾಲದಲ್ಲಿ ಮುಳುಗಿದ ರೈತರು ನ್ಯಾಯಾಲಯಗಳನ್ನು ಮುಚ್ಚಿಸಿದ್ದರು. ಆ ರೈತರ ಮೇಲೆ ಬಿದ್ದಿದ್ದ ತೆರಿಗೆಯ ಭಾರ ನಿಜವಾದದ್ದು; ಅವರ ಗೋಳನ್ನು ಮ್ಯಾಡಿಸನ್ ಸಾಲ ಕೊಟ್ಟವರ ಕಿಟಕಿಯಿಂದಲೇ ನೋಡಿದನೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅವನ ಕಳವಳ ಇನ್ನೂ ಆಳದ್ದು. ದುಷ್ಟ ಕಾನೂನುಗಳನ್ನು ಮಾಡುತ್ತಿದ್ದವನು ರಾಜನಲ್ಲ, ಜನರೇ ಆರಿಸಿದ ಸಭೆ. ಹಾಗಿದ್ದರೆ ಜನರ ಆಳ್ವಿಕೆಯಲ್ಲಿ ಅಲ್ಪಸಂಖ್ಯಾತನನ್ನು ಕಾಯುವವರು ಯಾರು?

1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ನಡೆದ ಸಂವಿಧಾನ ಸಮಾವೇಶಕ್ಕೆ ಮ್ಯಾಡಿಸನ್ ಎಲ್ಲರಿಗಿಂತ ಮೊದಲೇ ಬಂದು ಸಿದ್ಧನಾಗಿದ್ದ. ಚರ್ಚೆಗೆ ತಳಹದಿಯಾದ ವರ್ಜೀನಿಯಾ ಯೋಜನೆಯನ್ನು ಮಂಡಿಸಿದವನು ಎಡ್ಮಂಡ್ ರ‍್ಯಾಂಡಾಲ್ಫ್. ಅದರ ಹಿಂದಿನ ಚಿಂತನೆ ಬಹುಪಾಲು ಮ್ಯಾಡಿಸನ್ನನದು. ಬಾಗಿಲು ಕಿಟಕಿಗಳನ್ನು ಮುಚ್ಚಿದ ಸಭಾಂಗಣದಲ್ಲಿ, ಅಧ್ಯಕ್ಷನಾಗಿದ್ದ ವಾಷಿಂಗ್ಟನ್ನನ ಎದುರಿನ ಆಸನದಲ್ಲಿ ಕುಳಿತು ಪ್ರತಿಯೊಬ್ಬನ ಮಾತನ್ನೂ ಬರೆದುಕೊಂಡ. ಆ ಟಿಪ್ಪಣಿಗಳಿಲ್ಲದಿದ್ದರೆ ಸಂವಿಧಾನ ಹುಟ್ಟಿದ ಬಗೆಯ ಬಹುಭಾಗ ಕತ್ತಲೆಯಲ್ಲಿಯೇ ಉಳಿಯುತ್ತಿತ್ತು. ಸಂವಿಧಾನದ ಪಿತಾಮಹನೆಂಬ ಬಿರುದು ಅವನಿಗೆ ಬಂದಿದೆಯಾದರೂ ಅಲ್ಲಿ ಆತ ಸೋತದ್ದೂ ಬಹಳ. ರಾಜ್ಯಗಳ ಕಾನೂನುಗಳನ್ನು ತಡೆಹಿಡಿಯುವ ಅಧಿಕಾರ ಕೇಂದ್ರಕ್ಕೆ ಬೇಕೆಂದು ವಾದಿಸಿದ, ಸಭೆ ಒಪ್ಪಲಿಲ್ಲ. ಎರಡೂ ಸದನಗಳಲ್ಲಿ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಬೇಕೆಂದ. ಸೆನೆಟ್ಟಿನಲ್ಲಿ ಚಿಕ್ಕ ದೊಡ್ಡ ರಾಜ್ಯಗಳಿಗೆಲ್ಲ ಸಮಾನ ಸ್ಥಾನ ಸಿಕ್ಕಿತು.

ಆ ವಾದದ ನಡುವೆ ಮ್ಯಾಡಿಸನ್ ಒಂದು ಸತ್ಯವನ್ನು ಬಾಯಿಬಿಟ್ಟು ಆಡಿದ. ರಾಜ್ಯಗಳ ನಡುವಿನ ನಿಜವಾದ ಭೇದ ಚಿಕ್ಕದು ದೊಡ್ಡದು ಎಂಬುದಲ್ಲ. ಗುಲಾಮರಿರುವ ದಕ್ಷಿಣ, ಗುಲಾಮರಿಲ್ಲದ ಅಥವಾ ಕಡಿಮೆಯಿರುವ ಉತ್ತರ ಎಂಬುದೇ ನಿಜವಾದ ಭೇದ ಎಂದು ತೋರಿಸಿದ. ಮನುಷ್ಯರೂ ಆಸ್ತಿಯಾಗಬಹುದೆಂಬ ಭಾವನೆಯನ್ನು ಸಂವಿಧಾನದ ಮಾತಿನಲ್ಲಿ ಒಪ್ಪಿಕೊಳ್ಳುವುದು ತಪ್ಪೆಂದೂ ಹೇಳಿದ. ಆದ್ದರಿಂದ ಗುಲಾಮ ಎಂಬ ಶಬ್ದ ಅದರಲ್ಲಿ ಬರಲಿಲ್ಲ. ಆದರೆ ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ಏರ್ಪಾಡು ಬಂತು. ಓಟಿಲ್ಲದ ಅವರ ತಲೆಯೆಣಿಕೆಯ ಲಾಭ ಒಡೆಯರಿಗೆ. 1790ರ ಮೊದಲ ಜನಗಣತಿಯಲ್ಲಿ ದೇಶದ ಸುಮಾರು 39 ಲಕ್ಷ ಜನರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರಾಗಿದ್ದರು.

ಹೊಸ ಸಂವಿಧಾನವನ್ನು ರಾಜ್ಯಗಳು ಒಪ್ಪುವಂತೆ ಮಾಡಲು ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜಾನ್ ಜೇ ಮತ್ತು ಮ್ಯಾಡಿಸನ್ ಸೇರಿ ಪಬ್ಲಿಯಸ್ ಎಂಬ ಒಂದೇ ಕಾವ್ಯನಾಮದಲ್ಲಿ 85 ಲೇಖನಗಳನ್ನು ಪ್ರಕಟಿಸಿದರು. ದಿ ಫೆಡರಲಿಸ್ಟ್ ಎಂದು ಖ್ಯಾತವಾದ ಈ ಮಾಲೆಯ ಹತ್ತನೆಯ ಲೇಖನ 1787ರ ನವೆಂಬರ್ 22ರಂದು ಹೊರಬಂತು. ಅದು ಮ್ಯಾಡಿಸನ್ನನ ಮೊದಲ ಕೊಡುಗೆ.

ಯಾವುದೋ ಆವೇಶವೋ ಲಾಭವೋ ಕೂಡಿಸಿದ, ಪರರ ಹಕ್ಕನ್ನು ಅಥವಾ ಎಲ್ಲರ ಹಿತವನ್ನು ತುಳಿಯಲು ಹೊರಟ ಗುಂಪೇ ಅವನ ದೃಷ್ಟಿಯಲ್ಲಿ ಬಣ. ಅದು ಚಿಕ್ಕದಿರಬಹುದು, ಬಹುಸಂಖ್ಯಾತರದೇ ಆಗಿರಬಹುದು; ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಬಣವು ಜನತೆಯಾಗುವುದಿಲ್ಲ. ಬಣವನ್ನು ಬುಡಸಹಿತ ಕೀಳಬೇಕಾದರೆ ಸ್ವಾತಂತ್ರ್ಯವನ್ನೇ ಅಳಿಸಬೇಕು. ಇಲ್ಲವೇ ಎಲ್ಲರೂ ಒಂದೇ ರೀತಿ ಯೋಚಿಸುವಂತೆ ಮಾಡಬೇಕು. ಮೊದಲನೆಯದು ರೋಗಕ್ಕಿಂತ ಕೆಟ್ಟ ಮದ್ದು, ಎರಡನೆಯದು ಆಗದ ಹೋಗದ ಮಾತು. ಮನುಷ್ಯನ ಬುದ್ಧಿ ತಪ್ಪುತ್ತದೆ, ಶಕ್ತಿ ಸಾಮರ್ಥ್ಯಗಳು ಬೇರೆ ಬೇರೆ, ಅದರಿಂದ ಆಸ್ತಿಯೂ ಬೇರೆ ಬೇರೆ. ಮತಧರ್ಮ, ನಾಯಕರ ಮೋಹ ಇವೆಲ್ಲ ಜಗಳಕ್ಕೆ ಕಾರಣವೇ ಆದರೂ ಬಣಗಳ ನಿತ್ಯವಾದ ಮೂಲ ಆಸ್ತಿಯ ಅಸಮಾನತೆ ಎಂದು ಆತ ಗುರುತಿಸಿದ. ಸಾಲ ಕೊಟ್ಟವರು ಮತ್ತು ಸಾಲ ತಂದವರು, ಜಮೀನುಳ್ಳವರು, ವರ್ತಕರು, ಕೈಗಾರಿಕೆಯವರು ತಂತಮ್ಮ ವ್ಯಾಜ್ಯಕ್ಕೆ ತಾವೇ ನ್ಯಾಯಾಧೀಶರಾಗಿ ಕುಳಿತ ಸ್ಥಳವೇ ಶಾಸನಸಭೆ. ಕಾರ್ಲ್ ಮಾರ್ಕ್ಸ್ ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲು ಒಬ್ಬ ಜಮೀನ್ದಾರ ಇದನ್ನು ಇಷ್ಟು ನೇರವಾಗಿ ಬರೆದನೆಂಬುದು ಅನೇಕರಿಗೆ ಅಚ್ಚರಿ ತಂದಿದೆ.

ಹಾನಿಯನ್ನು ತಗ್ಗಿಸುವ ದಾರಿ ಯಾವುದು? ಬಣ ಚಿಕ್ಕದಾದರೆ ಮತದಾನವೇ ಅದನ್ನು ಸೋಲಿಸುತ್ತದೆ. ಬಹುಸಂಖ್ಯಾತರೇ ಬಣವಾದಾಗ ಕಷ್ಟ. ಜನರೆಲ್ಲ ಒಂದೆಡೆ ನೆರೆದು ನೇರವಾಗಿ ಆಳುವ ಚಿಕ್ಕ ರಾಜ್ಯದಲ್ಲಿ ಅದಕ್ಕೆ ತಡೆಯಿಲ್ಲ. ಒಂದು ಆವೇಶ ಹೊತ್ತಿಕೊಂಡರೆ ಸಂಜೆಯೊಳಗೆ ಕಾನೂನಾಗುತ್ತದೆ. ಗಣರಾಜ್ಯ ಚಿಕ್ಕದಿದ್ದರೆ ಮಾತ್ರ ಬಾಳುತ್ತದೆ ಎಂಬುದು ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂನ ಹೆಸರಿನಲ್ಲಿ ಆಗ ಎಲ್ಲರೂ ನಂಬಿದ್ದ ಮಾತು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್‌ನ ಒಂದು ಪ್ರಬಂಧದಿಂದ ಸುಳಿವು ಪಡೆದು ಮ್ಯಾಡಿಸನ್ ಅದನ್ನು ತಲೆಕೆಳಗು ಮಾಡಿದ. ಗಣರಾಜ್ಯ ವಿಸ್ತಾರವಾದಷ್ಟೂ ಹಿತಾಸಕ್ತಿಗಳು ಹೆಚ್ಚುತ್ತವೆ. ಹೆಚ್ಚಿದಷ್ಟೂ ಅನ್ಯಾಯಕ್ಕಾಗಿ ಬಹುಮತವೊಂದು ಕೂಡಿಕೊಳ್ಳುವುದು ಕಷ್ಟವಾಗುತ್ತದೆ. ಒಂದು ರಾಜ್ಯದಲ್ಲಿ ಹತ್ತಿದ ಬೆಂಕಿ ಇನ್ನೊಂದಕ್ಕೆ ಹಬ್ಬುವ ಮುನ್ನ ತಣ್ಣಗಾಗುತ್ತದೆ. ಇದರ ಜೊತೆಗೆ ಪ್ರಾತಿನಿಧ್ಯ. ಜನರ ಅಭಿಪ್ರಾಯ ಆರಿಸಿದ ಕೆಲವರ ವಿವೇಚನೆಯ ಜರಡಿಯಲ್ಲಿ ಹಾದುಬಂದರೆ ಅದರ ಹೊಟ್ಟು ಹೋಗಬಹುದು. ವಿಶಾಲವಾದ ಕ್ಷೇತ್ರದಲ್ಲಿ ಹೆಚ್ಚು ಜನ ಓಟು ಮಾಡುವಾಗ ಅಯೋಗ್ಯನೊಬ್ಬ ಹಳೆಯ ತಂತ್ರಗಳಿಂದ ಗೆಲ್ಲುವುದು ಸುಲಭವಲ್ಲ ಎಂದೂ ಆತ ವಾದಿಸಿದ. ಮದ್ಯ ಹಂಚದೆ ಸೋತವನ ಆಸೆ ಇಲ್ಲಿ ಇಣುಕುತ್ತದೆ. ಜರಡಿಯೇ ಹೊಟ್ಟನ್ನು ಉಳಿಸಿಕೊಂಡು ಕಾಳನ್ನು ಚೆಲ್ಲಬಹುದೆಂಬ ಶಂಕೆಯೂ ಅವನಿಗಿತ್ತು. ಸ್ಥಳೀಯ ದ್ವೇಷ, ದುರಾಸೆ ತುಂಬಿದವರೇ ಆರಿಸಿ ಬಂದು ಆರಿಸಿದವರಿಗೇ ದ್ರೋಹ ಬಗೆಯಬಹುದು. ಸಭೆ ತೀರ ಚಿಕ್ಕದಾದರೆ ಒಳಸಂಚು, ತೀರ ದೊಡ್ಡದಾದರೆ ಗೊಂದಲ. ಆದ್ದರಿಂದ ಆತ ಪ್ರತಿನಿಧಿಗಳ ಗುಣವೊಂದನ್ನೇ ನೆಚ್ಚಲಿಲ್ಲ. ವಿಸ್ತಾರವನ್ನೂ, 1788ರ ಫೆಬ್ರವರಿಯ ಐವತ್ತೊಂದನೆಯ ಲೇಖನದಲ್ಲಿ ವಿವರಿಸಿದಂತೆ, ಅಧಿಕಾರದ ಒಂದು ಅಂಗವನ್ನು ಇನ್ನೊಂದು ತಡೆಯುವ ರಚನೆಯನ್ನೂ ನೆಚ್ಚಿದ.

ಇಂದು ಎಲ್ಲ ಪಠ್ಯಗಳಲ್ಲಿಯೂ ಇರುವ ಹತ್ತನೆಯ ಲೇಖನ ಆ ಕಾಲದಲ್ಲಿ ವಿಶೇಷ ಗಮನ ಸೆಳೆಯಲಿಲ್ಲ. 1913ರಲ್ಲಿ ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ ಅದನ್ನು ಎತ್ತಿ ತೋರಿಸಿದ ಮೇಲೆಯೇ ಅದಕ್ಕೆ ಈ ಪ್ರತಿಷ್ಠೆ. ಭಾಷಾಭ್ಯಾಸಿಗಳಿಗೆ ಆಸಕ್ತಿಯ ಇನ್ನೊಂದು ಸಂಗತಿಯಿದೆ. ಹನ್ನೆರಡು ಲೇಖನಗಳ ಕರ್ತೃತ್ವದ ಬಗ್ಗೆ ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ಪಕ್ಷದವರಲ್ಲಿ ದೀರ್ಘಕಾಲ ವಿವಾದವಿತ್ತು. 1964ರಲ್ಲಿ ಮಾಸ್ಟೆಲರ್ ಮತ್ತು ವ್ಯಾಲೆಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಅರ್ಥವಿಲ್ಲದಂತೆ ತೋರುವ ಚಿಕ್ಕ ಪದಗಳ ಬಳಕೆಯನ್ನು ಎಣಿಸಿ ಆ ವಿವಾದವನ್ನು ಮ್ಯಾಡಿಸನ್ನನ ಪರವಾಗಿ ಬಗೆಹರಿಸಿದರು. ಹ್ಯಾಮಿಲ್ಟನ್ ವೈಲ್ ಎಂದು ಬರೆಯುವೆಡೆ ಮ್ಯಾಡಿಸನ್ ವೈಲ್ಸ್ಟ್ ಎಂದು ಬರೆಯುತ್ತಿದ್ದ. ಅಜ್ಞಾತ ಕವಿಗಳ ಕಾಲ, ಕರ್ತೃತ್ವಗಳನ್ನು ಶೈಲಿಯಿಂದ ನಿರ್ಣಯಿಸಲು ಹೊರಟ ಕನ್ನಡ ಸಂಶೋಧಕರಿಗೆ ಈ ಶ್ರಮದ ಬೆಲೆ ತಿಳಿಯುತ್ತದೆ.

1788ರ ಜೂನಿನಲ್ಲಿ ವರ್ಜೀನಿಯಾದ ಅನುಮೋದನಾ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ದಿನಗಟ್ಟಲೆ ಗುಡುಗಿದ. ಟೋಪಿಯೊಳಗಿಟ್ಟ ಟಿಪ್ಪಣಿ ನೋಡಿಕೊಂಡು, ಕೇಳಿಯೂ ಕೇಳಿಸದ ದನಿಯಲ್ಲಿ ಮ್ಯಾಡಿಸನ್ ಒಂದೊಂದು ಕಲಮಿಗೂ ಉತ್ತರಿಸಿದ. 89ಕ್ಕೆ 79 ಮತಗಳಿಂದ ಸಂವಿಧಾನ ಗೆದ್ದಿತು. ಹೆನ್ರಿಯ ಬಣ ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ. ಸೆನೆಟ್ಟಿನ ದಾರಿ ಮುಚ್ಚಿತು. ಕೆಳಮನೆಯ ಕ್ಷೇತ್ರವನ್ನು ವಿರೋಧಿಗಳು ಹೆಚ್ಚಿರುವಂತೆ ಗೆರೆ ಎಳೆಸಿ, ಗೆಳೆಯನೇ ಆದ ಜೇಮ್ಸ್ ಮನ್ರೋನನ್ನು ಎದುರಾಳಿಯಾಗಿ ನಿಲ್ಲಿಸಿತು. ಇಬ್ಬರೂ ಜೊತೆಯಾಗಿಯೇ ಊರೂರು ಸುತ್ತಿ ಹಿಮದಲ್ಲಿ ನಿಂತು ವಾದಿಸಿದರು. ಅಂತಹ ಒಂದು ರಾತ್ರಿಯ ಪ್ರಯಾಣದಲ್ಲಿ ಚಳಿಗೆ ಮರಗಟ್ಟಿದ ಮೂಗಿನ ಕಲೆಯನ್ನು ಮ್ಯಾಡಿಸನ್ ಮುಂದೆ ನಗುತ್ತ ತೋರಿಸುತ್ತಿದ್ದನಂತೆ. 1789ರ ಫೆಬ್ರವರಿಯಲ್ಲಿ 1308 ಮತ ಪಡೆದು, 972 ಪಡೆದ ಮನ್ರೋನನ್ನು ಸೋಲಿಸಿದ. ಸ್ನೇಹ ಕೆಡಲಿಲ್ಲ.

ಆ ಚುನಾವಣೆಯಲ್ಲಿ ಬ್ಯಾಪ್ಟಿಸ್ಟರಿಗೆ ಕೊಟ್ಟ ಮಾತಿನಂತೆ 1789ರ ಜೂನ್ 8ರಂದು ಹಕ್ಕುಗಳ ತಿದ್ದುಪಡಿಗಳನ್ನು ಮಂಡಿಸಿದ. ಬರೆದಿಟ್ಟ ಹಕ್ಕುಗಳನ್ನು ಬಹುಮತ ಲೆಕ್ಕಿಸುವುದಿಲ್ಲವೆಂದು ಹಿಂದೆ ತಿಳಿದಿದ್ದವನು, ಜೆಫರ್ಸನ್ನನ ಪತ್ರಗಳಿಂದಲೂ ಮತದಾರರ ಒತ್ತಡದಿಂದಲೂ ನಿಲುವು ಬದಲಿಸಿದ್ದ. ಕಾಂಗ್ರೆಸ್ ಕಳಿಸಿದ ಹನ್ನೆರಡರಲ್ಲಿ ಹತ್ತು 1791ರಲ್ಲಿ ಜಾರಿಗೆ ಬಂದವು. ಸದಸ್ಯರ ವೇತನಕ್ಕೆ ಸಂಬಂಧಿಸಿದ ಇನ್ನೊಂದು 1992ರಲ್ಲಿ ಅನುಮೋದನೆ ಪಡೆದದ್ದು ಒಂದು ವಿಚಿತ್ರ. ಐದನೆಯ ತಿದ್ದುಪಡಿಯಲ್ಲಿ, ನ್ಯಾಯಸಮ್ಮತ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದೆಂಬ ಮಾತಿದೆ. ಮಂಗಳೂರಿನಲ್ಲಿ ಹುಟ್ಟಿದ, ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿದ್ದು ಈ ಮಾತನ್ನೇ. ಅದರಿಂದ ನ್ಯಾಯಾಲಯಕ್ಕೆ ಶಾಸನಸಭೆಯ ಮೇಲೆ ಅತಿಯಾದ ಅಧಿಕಾರ ಬರುತ್ತದೆಂಬ ಎಚ್ಚರಿಕೆಯನ್ನು ಕೇಳಿ ಬಂದರು. ಭಾರತದ ಸಂವಿಧಾನದ 21ನೆಯ ವಿಧಿಯಲ್ಲಿ ಕಾನೂನು ನಿಗದಿಪಡಿಸಿದ ಕಾರ್ಯವಿಧಾನ ಎಂಬ ಮಾತು ಕುಳಿತುಕೊಂಡಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದು ತೀರ್ಪಿತ್ತು, ಬಿಟ್ಟುಹೋದುದನ್ನು ಬಹುಮಟ್ಟಿಗೆ ಮರಳಿ ತಂದಿತು.

ಬಣಗಳನ್ನು ಕುರಿತು ಬರೆದವನು ಪಕ್ಷ ಕಟ್ಟಿದ್ದು ಹೇಗೆ? 1790ರಲ್ಲಿ ಹಣಕಾಸಿನ ಕಾರ್ಯದರ್ಶಿಯಾದ ಹ್ಯಾಮಿಲ್ಟನ್ ಯುದ್ಧಕಾಲದ ಸಾಲಪತ್ರಗಳನ್ನು ಪೂರ್ಣ ಬೆಲೆಗೆ ತೀರಿಸುವ ಯೋಜನೆ ತಂದ. ಸೈನಿಕರು ಬಡತನದಲ್ಲಿ ಮಾರಿಕೊಂಡಿದ್ದ ಆ ಪತ್ರಗಳು ಆಗಲೇ ಸಟ್ಟಾ ವ್ಯಾಪಾರಿಗಳ ಕೈಸೇರಿದ್ದವು. ಮೂಲ ಒಡೆಯರಿಗೂ ಪಾಲು ಕೊಡಬೇಕೆಂದು ಮ್ಯಾಡಿಸನ್ ವಾದಿಸಿ ದೊಡ್ಡ ಅಂತರದಿಂದ ಸೋತ. ಮರುವರ್ಷ ರಾಷ್ಟ್ರೀಯ ಬ್ಯಾಂಕು ಬಂತು. ಅದಕ್ಕೆ ಸಂವಿಧಾನದಲ್ಲಿ ಆಧಾರವಿಲ್ಲವೆಂದ. ಅಲ್ಪಸಂಖ್ಯಾತ ಬಣವನ್ನು ಮತದಾನವೇ ಸೋಲಿಸುತ್ತದೆಂದು ಬರೆದಿದ್ದವನಿಗೆ, ಹಣವುಳ್ಳ ಅಲ್ಪಸಂಖ್ಯಾತರು ಸಂಘಟಿತರಾದರೆ ಚದುರಿದ ಬಹುಸಂಖ್ಯಾತರನ್ನು ಸೋಲಿಸಬಲ್ಲರೆಂಬುದು ಈಗ ಕಂಡಿತು. ವಿಸ್ತಾರ ಕಾವಲಾಗುವಂತೆಯೇ ಅಡ್ಡಿಯೂ ಆಗಬಲ್ಲದು. 1791ರ ಅಕ್ಟೋಬರಿನಲ್ಲಿ ಗೆಳೆಯ ಫಿಲಿಪ್ ಫ್ರೆನೊ ಮೂಲಕ ಪತ್ರಿಕೆಯೊಂದು ಹೊರಡುವಂತೆ ಆತನೂ ಜೆಫರ್ಸನ್ನನೂ ಮಾಡಿದರು. ಆ ಸಂಪಾದಕನಿಗೆ ಜೆಫರ್ಸನ್ನನ ಇಲಾಖೆಯಲ್ಲಿ ಅನುವಾದಕನ ಹುದ್ದೆಯೂ ಇತ್ತೆಂಬುದು ಹೊಗಳತಕ್ಕ ಸಂಗತಿಯಲ್ಲ. ಪತ್ರಿಕೆಗಳು ವಿಶಾಲ ದೇಶವನ್ನು ಕಿರಿದಾಗಿಸುತ್ತವೆ, ಪಕ್ಷಗಳು ಅನಿವಾರ್ಯ, ಒಂದನ್ನೊಂದು ತಡೆಯುವಂತೆ ಅವನ್ನು ನಿಲ್ಲಿಸಬೇಕು ಎಂದು ಆತ ಅಲ್ಲಿ ಬರೆದ. ಹೀಗೆ ಹುಟ್ಟಿದ್ದು ರಿಪಬ್ಲಿಕನ್ ಪಕ್ಷ. ಇಂದು ಅದೇ ಹೆಸರಿನಲ್ಲಿರುವ ಪಕ್ಷ 1854ರಲ್ಲಿ ಬೇರೆಯಾಗಿ ಹುಟ್ಟಿದ್ದು. ವಾಷಿಂಗ್ಟನ್ನನ ಸ್ನೇಹವನ್ನು ಇದಕ್ಕೆ ತೆತ್ತ. ಈ ನಡುವೆ 1794ರಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಡಾಲಿ ಟಾಡ್ ಎಂಬ ತರುಣ ವಿಧವೆಯನ್ನು ಮದುವೆಯಾದ. ಅವನಿಗಿಲ್ಲದ ಲೋಕಸಂಗ್ರಹದ ಜಾಣ್ಮೆಯೆಲ್ಲ ಅವಳಲ್ಲಿತ್ತು.

1798ರಲ್ಲಿ ಆಡಳಿತ ಪಕ್ಷ ಸರ್ಕಾರವನ್ನು ಟೀಕಿಸಿದವರನ್ನು ಸೆರೆಗೆ ಹಾಕುವ ಕಾನೂನು ಮಾಡಿತು. ಜೆಫರ್ಸನ್ ಕೆಂಟಕಿಗೆ, ಮ್ಯಾಡಿಸನ್ ವರ್ಜೀನಿಯಾಕ್ಕೆ ಗುಟ್ಟಾಗಿ ನಿರ್ಣಯಗಳನ್ನು ಬರೆದುಕೊಟ್ಟರು. ಕೇಂದ್ರ ಮಿತಿ ಮೀರಿದಾಗ ರಾಜ್ಯಗಳು ಅಡ್ಡಬರಬೇಕೆಂಬುದು ಮ್ಯಾಡಿಸನ್ನನ ನಿರ್ಣಯದ ತಾತ್ಪರ್ಯ. ಅಡ್ಡಬರುವುದೆಂದರೆ ಏನು ಎಂಬುದನ್ನು ಆತ ಬಿಡಿಸಿ ಹೇಳಲಿಲ್ಲ. ಈ ಅಸ್ಪಷ್ಟತೆ ಅವನನ್ನು ಮುಪ್ಪಿನಲ್ಲಿ ಬೆನ್ನಟ್ಟಿ ಬಂತು. ತಕ್ಷಣಕ್ಕೆ 1800ರ ಚುನಾವಣೆಯಲ್ಲಿ ಅವರ ಪಕ್ಷ ಗೆದ್ದು, 1801ರಲ್ಲಿ ಅಧಿಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ರಕ್ತಪಾತವಿಲ್ಲದೆ ಹೋಯಿತು.

ಜೆಫರ್ಸನ್ನನ ಕೈಕೆಳಗೆ ಎಂಟು ವರ್ಷ ವಿದೇಶಾಂಗ ಕಾರ್ಯದರ್ಶಿಯಾಗಿ, 1809ರಿಂದ 1817ರವರೆಗೆ ಅಧ್ಯಕ್ಷನಾಗಿ ಮ್ಯಾಡಿಸನ್ ನಡೆಸಿದ ಆಡಳಿತವನ್ನು ಇತಿಹಾಸಕಾರರು ವಿಶೇಷವಾಗಿ ಮೆಚ್ಚಿಲ್ಲ. 1812ರ ಜೂನಿನಲ್ಲಿ ಸರಿಯಾದ ಸಿದ್ಧತೆಯಿಲ್ಲದೆ ಬ್ರಿಟನ್ನಿನ ಮೇಲೆ ಯುದ್ಧ ಸಾರಿದ. 1814ರ ಆಗಸ್ಟ್ 24ರಂದು ಬ್ರಿಟಿಷರು ರಾಜಧಾನಿಗೆ ಬೆಂಕಿಯಿಟ್ಟರು. ನ್ಯೂ ಇಂಗ್ಲೆಂಡಿನ ವಿರೋಧ ಪಕ್ಷದವರು ತೆರಿಗೆ, ಸೈನ್ಯ ಕೊಡದೆ ಅಡ್ಡಿಮಾಡಿ, ಅದೇ ವರ್ಷದ ಕೊನೆಗೆ ಹಾರ್ಟ್‌ಫರ್ಡಿನಲ್ಲಿ ಸಭೆ ಸೇರಿದರು. ಇಂತಹ ಹೊತ್ತಿನಲ್ಲಿಯೂ ಆತ ಒಬ್ಬ ಟೀಕಾಕಾರನನ್ನೂ ರಾಜದ್ರೋಹದ ಆಪಾದನೆಯ ಮೇಲೆ ಸೆರೆಗೆ ಹಾಕಿಸಲಿಲ್ಲ. ಯುದ್ಧ ಮುಗಿದಾಗ ಆ ವಿರೋಧ ಪಕ್ಷ ಜನರ ಕಣ್ಣಿನಲ್ಲಿ ತಾನಾಗಿಯೇ ಕುಸಿಯಿತು. ದುರ್ಬಲ ಅಧ್ಯಕ್ಷನೆಂಬ ಹೆಸರು ಬಂದರೂ, ಬಣದ ಹಾನಿಯನ್ನು ಸ್ವಾತಂತ್ರ್ಯ ಅಳಿಸದೆ ತಗ್ಗಿಸಬೇಕೆಂಬ ತನ್ನ ಮಾತಿಗೆ ಆತ ಅತ್ಯಂತ ನಿಷ್ಠನಾಗಿದ್ದದ್ದು ಈ ದಿನಗಳಲ್ಲಿಯೇ.

ನಿವೃತ್ತಿಯ ಹತ್ತೊಂಬತ್ತು ವರ್ಷಗಳು ಮಾಂಟ್‌ಪೀಲಿಯರಿನಲ್ಲಿ ಕಳೆದವು. ತಂಬಾಕು ನೆಲ ಸವೆದಿತ್ತು, ಸಾಲ ಬೆಳೆದಿತ್ತು. ಜೆಫರ್ಸನ್ನನ ಸಾವಿನ ಅನಂತರ ವರ್ಜೀನಿಯಾ ವಿಶ್ವವಿದ್ಯಾಲಯದ ಹೊಣೆ ಹೊತ್ತ. 1828ರಿಂದ ದಕ್ಷಿಣ ಕ್ಯಾರೊಲಿನಾದ ಜಾನ್ ಕ್ಯಾಲ್ಹೂನ್ ಮತ್ತು ಅವನ ಕಡೆಯವರು, ತಮಗೊಪ್ಪದ ಕೇಂದ್ರದ ಕಾನೂನನ್ನು ರಾಜ್ಯವೊಂದು ಒಂಟಿಯಾಗಿ ರದ್ದುಮಾಡಬಹುದೆಂದು ವಾದಿಸಿ, ಅದಕ್ಕೆ 1798ರ ನಿರ್ಣಯಗಳನ್ನೇ ಆಧಾರ ಮಾಡಿಕೊಂಡರು. ಸಂಧಿವಾತದಿಂದ ಸೆಡೆತ ಬೆರಳುಗಳಲ್ಲಿ ಮುದುಕ ಪತ್ರದ ಮೇಲೆ ಪತ್ರ ಬರೆದ. ಹಲವು ರಾಜ್ಯಗಳು ಕೂಡಿ ಪ್ರತಿಭಟಿಸುವುದು ಬೇರೆ, ಒಂದೇ ರಾಜ್ಯ ಒಕ್ಕೂಟದ ಕಾನೂನನ್ನು ಮುರಿಯುವುದು ಬೇರೆ ಎಂದು ತನ್ನ ಹಳೆಯ ಬರಹಕ್ಕೆ ವ್ಯಾಖ್ಯಾನ ಮಾಡಿದ. ಕ್ಯಾಲ್ಹೂನನ ಕಡೆಯವರು ಒಪ್ಪಲಿಲ್ಲ. ಮೇಲ್ನೋಟಕ್ಕೆ ವಿವಾದ ಆಮದು ಸುಂಕದ್ದು. ಅದರ ಹಿಂದೆ ನಿಂತದ್ದು 1787ರಲ್ಲಿ ಆತ ಹೆಸರಿಸಿದ್ದ ಅದೇ ಭೇದ.

ಆ ಭೇದದ ಮೇಲೆ ವಿಶಾಲ ಗಣರಾಜ್ಯದ ಮದ್ದು ನಾಟಲಿಲ್ಲ. ಗುಲಾಮರ ಒಡೆಯರ ಹಿತಾಸಕ್ತಿ ಒಂದು ಊರಿನದಲ್ಲ, ಅರ್ಧ ದೇಶದ್ದು; ಪ್ರಾತಿನಿಧ್ಯದ ಲೆಕ್ಕವೇ ಅದಕ್ಕೆ ಬಲ ಕೊಟ್ಟಿತ್ತು. ಹಾನಿಗೊಳಗಾದವರಿಗೆ ಪ್ರತಿನಿಧಿಯೇ ಇಲ್ಲದಿದ್ದ ಮೇಲೆ ಹಿತಾಸಕ್ತಿಗಳ ತಕ್ಕಡಿಯಲ್ಲಿ ಅವರ ತೂಕ ಬೀಳುವುದೆಲ್ಲಿ? ಮ್ಯಾಡಿಸನ್ ಇದನ್ನು ಅರಿಯದವನಲ್ಲ. ಬಿಡುಗಡೆ ಹೊಂದಿದವರನ್ನು ಆಫ್ರಿಕಾಕ್ಕೆ ಕಳಿಸುವ ವಸಾಹತು ಸಂಘಕ್ಕೆ 1833ರಲ್ಲಿ ಅಧ್ಯಕ್ಷನೂ ಆದ. 1829ರ ವರ್ಜೀನಿಯಾ ಸಂವಿಧಾನ ಸಭೆಯಲ್ಲಿ ಆತ ಮಾತಿಗೆ ಎದ್ದಾಗ ದನಿ ಕೇಳಿಸದೆ ಸದಸ್ಯರೆಲ್ಲ ಸುತ್ತ ನೆರೆದರು. ಆಗಲೂ ಆತ ಹೇಳಿದ್ದು ರಾಜಿಯ ಮಾತು. ಸಾಲದ ಒತ್ತಡದಲ್ಲಿ ಕೆಲವು ಗುಲಾಮರನ್ನು ಮಾರಿದ.

1836ರ ಜೂನ್ 28ರಂದು, ಸಂವಿಧಾನಕ್ಕೆ ಸಹಿಹಾಕಿದ 39 ಜನರಲ್ಲಿ ಕೊನೆಯವನಾಗಿ, ಬೆಳಗಿನ ಉಪಾಹಾರದ ಹೊತ್ತಿಗೆ ಮ್ಯಾಡಿಸನ್ ತೀರಿಕೊಂಡ. ಉಯಿಲಿನಲ್ಲಿ ಒಬ್ಬ ಗುಲಾಮನಿಗೂ ಬಿಡುಗಡೆ ಇರಲಿಲ್ಲ. ಒಪ್ಪಿಗೆಯಿಲ್ಲದೆ ಅವರನ್ನು ಮಾರಬಾರದೆಂಬ ಕೋರಿಕೆ ಮಾತ್ರ ಇತ್ತು. ಡಾಲಿಗೆ ಅದನ್ನು ನಡೆಸಿಕೊಡಲಾಗಲಿಲ್ಲ. ಫಿಲಡೆಲ್ಫಿಯಾದ ಟಿಪ್ಪಣಿಗಳನ್ನು 1837ರಲ್ಲಿ ಕಾಂಗ್ರೆಸ್ಸು 30,000 ಡಾಲರಿಗೆ ಕೊಂಡಿತು. 1840ರಲ್ಲಿ ಅವು ಅಚ್ಚಾದವು. 1844ರಲ್ಲಿ ಮಾಂಟ್‌ಪೀಲಿಯರನ್ನೂ ಮಾರಿ ಆಕೆ ವಾಷಿಂಗ್ಟನ್ ನಗರದಲ್ಲಿ ಬಡತನದಲ್ಲಿ ಉಳಿದಳು. ಮ್ಯಾಡಿಸನ್ ಸಾಯುವ ಗಳಿಗೆಯಲ್ಲಿ ಪಕ್ಕದಲ್ಲಿದ್ದವನು ಪಾಲ್ ಜೆನಿಂಗ್ಸ್, 1799ರಲ್ಲಿ ಅದೇ ಎಸ್ಟೇಟಿನಲ್ಲಿ ಗುಲಾಮನಾಗಿ ಹುಟ್ಟಿದವನು. ಒಡೆಯನ ಸಾವಿನ ಹನ್ನೊಂದು ವರ್ಷಗಳ ಅನಂತರ, ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ಮುಂಗಡವಾಗಿ ಕೊಟ್ಟ ಹಣವನ್ನು ದುಡಿದು ತೀರಿಸುವ ಒಪ್ಪಂದದ ಮೇಲೆ ಬಿಡುಗಡೆ ಪಡೆದ. ಆಮೇಲೆ ವೆಬ್‌ಸ್ಟರನ ಮನೆಯಿಂದ ದಿನಸಿಯ ಬುಟ್ಟಿ ಹೊತ್ತು ತನ್ನ ಹಳೆಯ ಒಡತಿಯ ಮನೆಗೆ ಹೋಗುತ್ತಿದ್ದ. ಕೆಲವೊಮ್ಮೆ ತನ್ನ ಜೇಬಿನಿಂದ ಸ್ವಲ್ಪ ಹಣವನ್ನೂ ಕೊಡುತ್ತಿದ್ದ. ಮ್ಯಾಡಿಸನ್ನನನ್ನು ಕುರಿತ ಅವನ ಚಿಕ್ಕ ನೆನಪಿನ ಪುಸ್ತಕ 1865ರಲ್ಲಿ ಪ್ರಕಟವಾಯಿತು. ಅದರಲ್ಲಿ ತನ್ನ ಒಡೆಯ ಸಿಟ್ಟಾದದ್ದನ್ನು ಕಂಡಿಲ್ಲವೆಂದೂ, ಗುಲಾಮರನ್ನು ಹೊಡೆದದ್ದನ್ನು ನೋಡಿಲ್ಲವೆಂದೂ ಜೆನಿಂಗ್ಸ್ ಬರೆದಿದ್ದಾನೆ.